ನಾಮಪತ್ರ ಅಂದ್ರೆ ಪಾರ್ಟಿ ಆಫೀಸಿನ ಕಾಗದ ಅಲ್ಲ

ನಗರಸಭೆ ಚುನಾವಣೆ ಅಂದ ಕೂಡಲೇ ನಮ್ಮ ಕಾಸರಗೋಡಿನಲ್ಲಿ ಎಲ್ಲರೂ ಕೇಳುವುದು ಯಾರು ಗೆಲ್ಲಬಹುದು ಅಂತ. ಯಾರು ನಿಲ್ಲಬೇಕು ಅಂತ ಕೇಳುವವರು ತುಂಬ ಕಡಿಮೆ. ಅದನ್ನು ಪಾರ್ಟಿಯವರು ನೋಡಿಕೊಳ್ಳುತ್ತಾರೆ ಅಂತ ನಾವು ಎಂದೋ ಒಪ್ಪಿಕೊಂಡು ಬಿಟ್ಟಿದ್ದೇವೆ. ವೋಟಿನ ದಿನ ಯಂತ್ರದ ಮುಂದೆ ನಿಂತರೆ ಅಲ್ಲಿ ಮೂರೋ ನಾಲ್ಕೋ ಹೆಸರು ಇರುತ್ತದೆ, ಒಂದನ್ನು ಒತ್ತಿ ಬರುತ್ತೇವೆ. ಇನ್ನೊಂದು ವಿಷಯ ಹಲವರಿಗೆ ಗೊತ್ತೇ ಇಲ್ಲ. ಕೇರಳದ ಸ್ಥಳೀಯ ಚುನಾವಣೆಯಲ್ಲಿ ನೋಟಾ ಇಲ್ಲ. ಲೋಕಸಭೆಗೆ, ವಿಧಾನಸಭೆಗೆ ಇದೆ, ನಗರಸಭೆಗೆ ಇಲ್ಲ. ಅಂದರೆ ನಿಂತವರಲ್ಲಿ ಯಾರೂ ನಮಗೆ ಸರಿಕಾಣದಿದ್ದರೆ ಅದನ್ನು ಹೇಳಲಿಕ್ಕೆ ವೋಟಿನ ದಿನ ಒಂದು ಬಟನ್ ಕೂಡ ಇಲ್ಲ. ಹೇಳುವುದಿದ್ದರೆ ಅದಕ್ಕೆ ಇರುವುದು ನಾಮಪತ್ರದ ವಾರ ಮಾತ್ರ.

ಅದಕ್ಕೇ ಈ ಬರಹ. ಕಳೆದ ಚುನಾವಣೆಯಲ್ಲಿ ನಮ್ಮ ನೆರೆಮನೆಯ ಅಕ್ಕ ಪಕ್ಷೇತರರಾಗಿ ನಿಂತರು, ಅವರ ನಾಮಪತ್ರಕ್ಕೆ ಸೂಚಕನಾಗಿ, ಅಂದರೆ ಅವರ ಹೆಸರನ್ನು ಸೂಚಿಸುವವನಾಗಿ, ಸಹಿ ಹಾಕಿದ್ದು ನಾನು. ಆ ಕೆಲಸದಲ್ಲಿ ತಿಳಿದದ್ದನ್ನು ಊರಿನವರಿಗೆ ಹೇಳಬೇಕು ಅನಿಸಿದೆ.

ಮೊದಲು ದಿನಗಳ ಲೆಕ್ಕ. 2025ರಲ್ಲಿ ಅಧಿಸೂಚನೆ ಬಂದದ್ದು ನವೆಂಬರ್ 14ಕ್ಕೆ. ನಾಮಪತ್ರ ಕೊಡಲು ಕೊನೆಯ ದಿನ ನವೆಂಬರ್ 21. ಮರುದಿನವೇ ಪರಿಶೀಲನೆ. ಹಿಂದೆ ತೆಗೆಯಲು 24ರ ತನಕ ಸಮಯ. ನಮ್ಮ ಜಿಲ್ಲೆಯಲ್ಲಿ ವೋಟು ಡಿಸೆಂಬರ್ 11ಕ್ಕೆ, ಎಣಿಕೆ 13ಕ್ಕೆ. ನೋಡಿ, ಯಾರು ಯಾರು ಕಣದಲ್ಲಿ ಇರುತ್ತಾರೆ ಅನ್ನುವುದೆಲ್ಲ ಹತ್ತು ಹನ್ನೊಂದು ದಿನದಲ್ಲಿ ಮುಗಿದುಹೋಗುತ್ತದೆ. ನಡುವೆ ಭಾನುವಾರ ರಜೆ ಬೇರೆ. ಹೇಗೂ ಟೈಮ್ ಇದೆಯಲ್ಲ ಅಂತ ಕುಳಿತವರಿಗೆ ಒಂದು ಸರ್ಟಿಫಿಕೇಟ್ ತರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಕಾಗದ ಕೊಡುವ ಹೊತ್ತು ಕೂಡ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ತನಕ ಮಾತ್ರ.

ಪಾರ್ಟಿಗಳ ಕೆಲಸ ಇದಕ್ಕಿಂತ ತುಂಬ ಮೊದಲೇ ಶುರುವಾಗುತ್ತದೆ. ಈ ಸಲ ವಾರ್ಡು ವಿಂಗಡಣೆ ಆಗಿ ಕಾಸರಗೋಡು ನಗರಸಭೆಯಲ್ಲಿ 38 ಇದ್ದ ವಾರ್ಡು 39 ಆಯಿತು. ಕಾಞಂಗಾಡಿನಲ್ಲಿ 47, ನೀಲೇಶ್ವರದಲ್ಲಿ 34. ಜಿಲ್ಲೆಯಲ್ಲಿ ಇರುವುದು ಈ ಮೂರೇ ನಗರಸಭೆ. ಗಡಿ ಬದಲಾದಾಗ ಒಂದೇ ಓಣಿಯ ಆಚೆ ಮನೆ ಒಂದು ವಾರ್ಡಿಗೆ, ಈಚೆ ಮನೆ ಇನ್ನೊಂದು ವಾರ್ಡಿಗೆ ಹೋಗುತ್ತದೆ. ಆಮೇಲೆ ಚೀಟಿ ಎತ್ತಿ ಮೀಸಲಾತಿ ನಿಶ್ಚಯ ಮಾಡುತ್ತಾರೆ. ಕೇರಳದಲ್ಲಿ 2010ರ ಚುನಾವಣೆಯಿಂದ ಅರ್ಧ ಸೀಟು ಹೆಂಗಸರಿಗೆ. ಹೋದ ಸಲ ಮಹಿಳಾ ವಾರ್ಡ್ ಆಗಿದ್ದರೆ ಈ ಸಲ ಅದು ಸಾಮಾನ್ಯವಾಗಿ ಜನರಲ್ ಆಗುತ್ತದೆ, ಜನರಲ್ ಇದ್ದದ್ದು ಮಹಿಳಾ ವಾರ್ಡ್ ಆಗುತ್ತದೆ. ಚೀಟಿ ಎತ್ತಿದ ಸಂಜೆಯೇ ಪಾರ್ಟಿಗಳಲ್ಲಿ ಓಡಾಟ ಶುರು. ಐದು ವರ್ಷದಿಂದ ಸೀಟಿಗೆ ಕಾದು ಕುಳಿತ ಗಂಡಸರ ವಾರ್ಡು ಮಹಿಳೆಗೆ ಹೋಗಿದ್ದರೆ ಅವರ ಹೆಂಡತಿಯನ್ನು, ಅತ್ತಿಗೆಯನ್ನು, ತಂಗಿಯನ್ನು ಕೇಳಿಕೊಂಡು ಬರುತ್ತಾರೆ. ಆಮೇಲೆ ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯಲ್ಲಿ ಚುರುಕಾಗಿ ಓಡಾಡುವವರು ಯಾರು ಅಂತ ಹುಡುಕುತ್ತಾರೆ.

ಮೀಸಲಾತಿ ಬಂದದ್ದು ನಮ್ಮ ಊರಿಗೆ ಆದ ಒಳ್ಳೆಯ ಕೆಲಸಗಳಲ್ಲಿ ಒಂದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅದು ಇಲ್ಲದಿದ್ದರೆ ಈಗ ಚೆನ್ನಾಗಿ ಕೆಲಸ ಮಾಡುತ್ತಿರುವ ಎಷ್ಟೋ ಹೆಂಗಸರಿಗೆ ಯಾವ ಪಾರ್ಟಿಯೂ ಸೀಟು ಕೊಡುತ್ತಿರಲಿಲ್ಲ. ನನಗೆ ಬೇಸರ ಇರುವುದು ಆರಿಸುವ ರೀತಿಯಲ್ಲಿ. ವಾರ್ಡಿನ ಸಭೆ ಅಂತ ಕರೆಯುತ್ತಾರೆ, ಆದರೆ ಹೆಸರು ಮೇಲಿನಿಂದ ಬಂದಾಗಿರುತ್ತದೆ. ಮೈತ್ರಿಯಲ್ಲಿ ಯಾವ ಪಾರ್ಟಿಗೆ ಯಾವ ವಾರ್ಡು ಅನ್ನುವುದು ಜಿಲ್ಲಾ ಮಟ್ಟದಲ್ಲಿ ತೀರ್ಮಾನ ಆಗುತ್ತದೆ. ತಳಂಗರೆಯಲ್ಲಿ ಒಂದು ಲೆಕ್ಕ, ಅಣಂಗೂರಿನಲ್ಲಿ ಒಂದು ಲೆಕ್ಕ, ಬೀರಂತಬೈಲಿನಲ್ಲಿ ಇನ್ನೊಂದು. ಜಾತಿ, ಮತ, ಭಾಷೆ, ಮನೆತನ ಎಲ್ಲ ಕೂಡಿಸಿ ಕಳೆದ ಮೇಲೆ ಉಳಿಯುವ ಹೆಸರನ್ನು ನಮ್ಮ ಮುಂದೆ ತಂದು ಇಡುತ್ತಾರೆ. ಆ ಓಣಿಯಲ್ಲಿ ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅಂತ ಆ ಮನುಷ್ಯನಿಗೆ ಗೊತ್ತಾ ಅಂತ ಯಾರೂ ಕೇಳುವುದಿಲ್ಲ.

ನಮ್ಮ ಅಕ್ಕನಿಗೆ ಅದು ಗೊತ್ತಿತ್ತು. ಮನೆಯಲ್ಲೇ ಹೊಲಿಗೆ ಮಾಡುವವರು. ಚರಂಡಿ ವಿಷಯಕ್ಕೆ, ಬೀದಿದೀಪದ ವಿಷಯಕ್ಕೆ ಅರ್ಜಿ ಬರೆದು ಹೋಗುವುದು ಯಾವಾಗಲೂ ಅವರೇ. ವಾರ್ಡು ಮಹಿಳೆಗೆ ಅಂತ ಗೊತ್ತಾದ ಮೇಲೆ ಒಂದು ದಿನ ಅಂಗಳದಲ್ಲಿ ನಿಂತು ಕೇಳಿದರು: "ತಮ್ಮಾ, ನಾನು ನಿಂತರೆ ನೀನು ಸಹಿ ಹಾಕ್ತೀಯಾ?"

ಯಾರು ನಿಲ್ಲಬಹುದು ಅನ್ನುವುದಕ್ಕೆ ನಿಯಮ ತುಂಬ ಸರಳ. ನಾಮಪತ್ರ ಕೊಡುವ ದಿನಕ್ಕೆ 21 ವರ್ಷ ಆಗಿರಬೇಕು. ಆ ನಗರಸಭೆಯ ಯಾವುದಾದರೂ ಒಂದು ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಲ್ಲುವ ವಾರ್ಡಿನಲ್ಲೇ ಇರಬೇಕು ಅಂತ ಇಲ್ಲ. ನುಳ್ಳಿಪ್ಪಾಡಿಯವರು ವಿದ್ಯಾನಗರದಲ್ಲಿ ನಿಲ್ಲಬಹುದು, ಆದರೆ ಆಗ ಪಟ್ಟಿಯಲ್ಲಿ ತಮ್ಮ ಹೆಸರಿರುವ ಭಾಗದ ದೃಢೀಕರಿಸಿದ ಪ್ರತಿಯನ್ನು ತಂದು ಕೊಡಬೇಕು. ಸೂಚಕರದ್ದು ಹಾಗಲ್ಲ, ಅವರು ಅದೇ ವಾರ್ಡಿನ ಮತದಾರ ಆಗಿರಲೇಬೇಕು. ಒಬ್ಬ ಸೂಚಕ ಸಾಕು. ಹತ್ತು ಜನ ಬೇಡ, ಪಾರ್ಟಿ ಬೇಡ, ಲೀಡರ್ ಬೇಡ. ವಾರ್ಡಿನ ಒಬ್ಬ ಸಾಮಾನ್ಯ ಮತದಾರ ಸಹಿ ಹಾಕಿದರೆ ಕಾನೂನಿಗೆ ಸಾಕು. ನನಗೆ ಈ ಇಡೀ ವ್ಯವಸ್ಥೆಯಲ್ಲಿ ತುಂಬ ಇಷ್ಟ ಆದದ್ದು ಇದು. ಒಬ್ಬರನ್ನು ಊರಿನ ಮುಂದೆ ನಿಲ್ಲಿಸುವ ಅಧಿಕಾರವನ್ನು ಕಾನೂನು ನಿಮ್ಮ ನನ್ನಂಥವರ ಕೈಯಲ್ಲಿ ಇಟ್ಟಿದೆ. ನಾವು ಅದನ್ನು ಬಳಸುವುದಿಲ್ಲ ಅಷ್ಟೇ.

ಪಟ್ಟಿಯ ವಿಷಯದಲ್ಲಿ ಈ ಸಲ ತುಂಬ ಗೊಂದಲ ಆಯಿತು. ಅದೇ ನವೆಂಬರಿನಲ್ಲಿ ಬೂತ್ ಮಟ್ಟದ ಅಧಿಕಾರಿಗಳಾದ ಬಿಎಲ್‌ಒಗಳು ಮನೆಮನೆಗೆ ಎಸ್‌ಐಆರ್, ಅಂದರೆ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯ ಫಾರ್ಮ್ ಹಿಡಿದುಕೊಂಡು ಬರುತ್ತಿದ್ದರು. ಅದು ಕೇಂದ್ರ ಚುನಾವಣಾ ಆಯೋಗದ ಪಟ್ಟಿ, ವಿಧಾನಸಭೆ ಲೋಕಸಭೆಗೆ. ನಗರಸಭೆ ಪಂಚಾಯತಿಗೆ ರಾಜ್ಯ ಚುನಾವಣಾ ಆಯೋಗದ್ದೇ ಬೇರೆ ಪಟ್ಟಿ ಇದೆ. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿ ಇರುತ್ತದೆ ಅಂತ ಭರವಸೆ ಇಲ್ಲ. ಬಿಎಲ್‌ಒ ಹತ್ತಿರ ಫಾರ್ಮ್ ಕೊಟ್ಟಿದ್ದೇನೆ, ಹಾಗಾಗಿ ನಗರಸಭೆಗೂ ಆಯಿತು ಅಂದುಕೊಂಡವರು ನಮ್ಮ ಓಣಿಯಲ್ಲೇ ಹಲವರಿದ್ದರು. ನಿಲ್ಲುವ ಯೋಚನೆ ಇರುವವರು, ಸೂಚಕರಾಗುವವರು ಮೊದಲು ನೋಡಬೇಕಾದದ್ದು ಸ್ಥಳೀಯ ಪಟ್ಟಿಯನ್ನೇ. ವಾರ್ಡು ನಂಬ್ರ, ಭಾಗ ನಂಬ್ರ, ಕ್ರಮ ನಂಬ್ರ ಎಲ್ಲ ಬರೆದಿಟ್ಟುಕೊಳ್ಳಿ. ವಾರ್ಡು ವಿಂಗಡಣೆಯಾದ ಮೇಲೆ ಹಳೆಯ ನಂಬ್ರ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ನಾಮಪತ್ರ ಅಂದರೆ ಫಾರ್ಮ್ 2. ಅದು ಚಿಕ್ಕದು. ಹೆಸರು, ವಿಳಾಸ, ಪಟ್ಟಿಯ ನಂಬ್ರ, ಸೂಚಕರ ಸಹಿ, ಸ್ಥಾನಾರ್ಥಿಯ ಅಂದರೆ ನಿಲ್ಲುವವರ ಸಹಿ, ಯಾವ ಚಿಹ್ನೆ ಬೇಕು ಅನ್ನುವುದು. ಕುಳಿತುಕೊಂಡು ಬರೆಯಬೇಕಾದದ್ದು ಅದರ ಜೊತೆಗಿರುವ ಫಾರ್ಮ್ 2ಎ. ಕೇಸು ಇದೆಯಾ, ಆಸ್ತಿ ಎಷ್ಟು, ಸಾಲ ಎಷ್ಟು, ಸರಕಾರಕ್ಕೆ ಬಾಕಿ ಇದೆಯಾ, ಎಷ್ಟು ಕಲಿತಿದ್ದೀರಿ, ಎಲ್ಲವನ್ನೂ ಅದರಲ್ಲಿ ಹೇಳಬೇಕು. ಗಂಡನ ಆಸ್ತಿ, ಅವಲಂಬಿತರ ಆಸ್ತಿ ಸಹ.

ಅಕ್ಕನ ಮನೆಯ ಊಟದ ಮೇಜಿನಲ್ಲಿ ನಾವು ಆ ಫಾರ್ಮ್ ಇಟ್ಟುಕೊಂಡು ಕುಳಿತೆವು. ಒಂದು ಕಡೆ ರೇಶನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್. ಇನ್ನೊಂದು ಕಡೆ ಜಾಗದ ಆಧಾರಪತ್ರ, ತೆರಿಗೆ ಕಟ್ಟಿದ ರಶೀದಿಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಚಿನ್ನ ಎಷ್ಟು ಪವನ್ ಅಂತ ಬರೆಯಬೇಕಾದಾಗ ಅಕ್ಕ ಪೆನ್ನು ಕೆಳಗಿಟ್ಟರು. "ಇದನ್ನೆಲ್ಲ ಎಲ್ಲರೂ ನೋಡ್ತಾರಾ?" ಅಂತ ಕೇಳಿದರು. ಹೌದು, ನೋಡಬಹುದು. 2ಎಯಲ್ಲಿ ಕೊಟ್ಟ ವಿವರವನ್ನು ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದರು. ಸಹಕಾರಿ ಬ್ಯಾಂಕಿನಲ್ಲಿ ಹೊಲಿಗೆ ಮೆಷಿನಿಗೆ ತೆಗೆದ ಸಾಲ ಇತ್ತು, ಅದನ್ನೂ ಬರೆದೆವು. ಏನೂ ಇಲ್ಲದ ಕಾಲಮಿನಲ್ಲಿ ಇಲ್ಲ ಅಂತಲೇ ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಹೇಳಲು ಮರೆತದ್ದಾ, ಮುಚ್ಚಿಟ್ಟದ್ದಾ ಅಂತ ಪ್ರಶ್ನೆ ಏಳುತ್ತದೆ.

ಆ ಬೋರ್ಡಿನ ಹತ್ತಿರ ಹೋಗಿ ಯಾರೂ ಓದುವುದಿಲ್ಲ ಅನ್ನುವುದು ನನಗೆ ತುಂಬ ಸಂಕಟ ಆದ ವಿಷಯ. ನಮ್ಮ ವೋಟು ಕೇಳಲು ಬರುವ ಮನುಷ್ಯನ ಮೇಲೆ ಯಾವ ಕೇಸಿದೆ, ಅವರಿಗೆ ಎಷ್ಟು ಜಾಗ ಇದೆ, ನಗರಸಭೆಗೆ ಬಾಕಿ ಇಟ್ಟಿದ್ದಾರಾ, ಎಲ್ಲ ಅಲ್ಲೇ ಅವರದೇ ಸಹಿಯ ಜೊತೆ ಇರುತ್ತದೆ. ಫ್ಲೆಕ್ಸ್ ಬೋರ್ಡಿನ ಮುಂದೆ ನಿಂತು ಫೋಟೋ ನೋಡುತ್ತೇವೆ, ಇದನ್ನು ಓದುವುದಿಲ್ಲ. ಹತ್ತು ನಿಮಿಷದ ಕೆಲಸ, ದಯವಿಟ್ಟು ಓದಿ ಮಾರಾಯ್ರೆ.

ಠೇವಣಿ ನಗರಸಭೆಗೆ 4,000 ರೂಪಾಯಿ. ಗ್ರಾಮ ಪಂಚಾಯತಿಗೆ 2,000, ಜಿಲ್ಲಾ ಪಂಚಾಯತಿಗೆ 5,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. 2020ರಲ್ಲಿ ನಗರಸಭೆಗೆ 2,000 ಇದ್ದದ್ದು ಈಗ ಎರಡು ಪಟ್ಟಾಗಿದೆ. ಪಾರ್ಟಿಯವರಿಗೆ ಇದು ಲೆಕ್ಕಕ್ಕೇ ಇಲ್ಲ. ಹೊಲಿದು ಬದುಕುವವರಿಗೆ ಅದು ಬಹಳ. ಅಕ್ಕನ ಠೇವಣಿಗೆ ಓಣಿಯ ನಾಲ್ಕೈದು ಮನೆಯವರು ಸೇರಿ ಪೈಸೆ ಹಾಕಿದರು. ಕೇಳಿದವರು ಯಾರೂ ಇಲ್ಲ ಅನ್ನಲಿಲ್ಲ.

ಬಾಕಿಯ ಬಗ್ಗೆ ತುಂಬ ಜನರಿಗೆ ಹೆದರಿಕೆ ಇದೆ. ಸರಕಾರಕ್ಕೋ ನಗರಸಭೆಗೋ ಬಾಕಿ ಇಟ್ಟವರು ಅನರ್ಹರು, ಅದು ಸರಿ. ಆದರೆ ಬಿಲ್ಲೋ ನೋಟೀಸೋ ಕೊಟ್ಟು, ಅದರಲ್ಲಿ ಹೇಳಿದ ಸಮಯ ಮುಗಿದ ಮೇಲೂ ಕಟ್ಟದಿದ್ದರೆ ಮಾತ್ರ ಅದು ಬಾಕಿ. ಬ್ಯಾಂಕಿನಲ್ಲಿ, ಸಹಕಾರಿ ಸಂಘದಲ್ಲಿ ಸಾಲ ಇದೆ ಅಂತ ಯಾರೂ ಅನರ್ಹರಾಗುವುದಿಲ್ಲ. ನಿಮಗೆ ಲೋನ್ ಇದೆಯಲ್ಲ, ನಾಮಪತ್ರ ತಳ್ಳಿಹೋಗುತ್ತದೆ ಅಂತ ಅಕ್ಕನಿಗೆ ಹೆದರಿಸಿದವರೂ ಇದ್ದರು. ನಾವು ಸುಮ್ನೆ ರಿಸ್ಕ್ ಯಾಕೆ ಅಂತ ಕಟ್ಟಡ ತೆರಿಗೆಯನ್ನು ಆ ದಿನದ ತನಕ ಕಟ್ಟಿ ರಶೀದಿ ಇಟ್ಟುಕೊಂಡೆವು. ಸರಕಾರಿ ನೌಕರರು ನಿಲ್ಲಲಿಕ್ಕಾಗುವುದಿಲ್ಲ. ನಗರಸಭೆಯ ಜೊತೆ ಕಂತ್ರಾಟು ಇರುವವರೂ ಇಲ್ಲ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ನಿಲ್ಲಬಹುದು. ಪಾರ್ಟಿ ಬದಲಿಸಿ ಪಕ್ಷಾಂತರ ಕಾನೂನಿನಲ್ಲಿ ಅನರ್ಹರಾದವರಿಗೆ ಆರು ವರ್ಷ ಬಾಗಿಲು ಮುಚ್ಚಿದೆ. ಒಂದೇ ನಗರಸಭೆಯ ಎರಡು ವಾರ್ಡಿನಲ್ಲಿ ನಾಮಪತ್ರ ಕೊಟ್ಟರೆ ಎರಡೂ ಹೋಗುತ್ತದೆ, ಅದನ್ನು ನೆನಪಿಡಿ.

ಕಾಗದ ಕೊಡಲು ಹೋದದ್ದು ಕೊನೆಯ ದಿನಕ್ಕಿಂತ ಮೊದಲೇ. ಕೊನೆಯ ದಿನ ಪಾರ್ಟಿಗಳ ಮೆರವಣಿಗೆ ಬರುತ್ತದೆ, ಮಾಲೆ, ಘೋಷಣೆ, ಅದರ ನಡುವೆ ಒಬ್ಬ ಪಕ್ಷೇತರ ಹೆಂಗಸು ಕಾಗದ ಹಿಡಿದು ಒಳಗೆ ಹೋಗುವುದು ಕಷ್ಟ. ವಾರ್ಡುಗಳನ್ನು ಹಂಚಿ ಬೇರೆ ಬೇರೆ ರಿಟರ್ನಿಂಗ್ ಆಫೀಸರಿಗೆ (ಚುನಾವಣಾಧಿಕಾರಿಗೆ) ಕೊಟ್ಟಿರುತ್ತಾರೆ, ನಿಮ್ಮ ವಾರ್ಡು ಯಾರ ಮೇಜಿಗೆ ಅಂತ ಮೊದಲೇ ಕೇಳಿಕೊಳ್ಳಿ. ನಾಮಪತ್ರವನ್ನು ಸ್ಥಾನಾರ್ಥಿ ಕೊಡಬಹುದು, ಸೂಚಕರೂ ಕೊಡಬಹುದು. ಬೇರೆ ಯಾರ ಕೈಯಲ್ಲೂ ಕಳಿಸುವ ಹಾಗಿಲ್ಲ. ಆಫೀಸರು ಪಟ್ಟಿಯ ನಂಬ್ರ ಹೋಲಿಸಿ ನೋಡಿದರು, ಬಂದ ಸಮಯ ಬರೆದುಕೊಂಡರು. ಆಮೇಲೆ ಪ್ರಮಾಣವಚನ. ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇನೆ ಅಂತ ಅಕ್ಕ ನಿಂತುಕೊಂಡು ಗಟ್ಟಿ ಸ್ವರದಲ್ಲಿ ಓದಿದರು. ಈ ಪ್ರಮಾಣ ಮಾಡದಿದ್ದರೆ ನಾಮಪತ್ರಕ್ಕೆ ಬೆಲೆ ಇಲ್ಲ.

ಇಲ್ಲಿ ಕನ್ನಡದವರಿಗೆ ಒಂದು ಮಾತು. ಭಾಷಾ ಅಲ್ಪಸಂಖ್ಯಾತರಿರುವ ವಾರ್ಡುಗಳಲ್ಲಿ ಯಂತ್ರದ ಮೇಲಿನ ಮತಪತ್ರದಲ್ಲಿ ಮಲಯಾಳದ ಜೊತೆ ಕನ್ನಡದಲ್ಲೂ ಹೆಸರು ಅಚ್ಚಾಗುತ್ತದೆ. ಹಾಗಾಗಿ ನಿಮ್ಮ ಹೆಸರು ಕನ್ನಡದಲ್ಲಿ ಹೇಗೆ ಇರಬೇಕು ಅಂತ ನೀವೇ ಸ್ಪಷ್ಟವಾಗಿ ಬರೆದು ಕೊಡಿ. ಇನ್ನೊಬ್ಬರು ಊಹೆ ಮಾಡಿ ಬರೆದರೆ ಮನೆಹೆಸರು ಏನೇನೋ ಆಗುತ್ತದೆ, ಅಜ್ಜಿಯಂದಿರಿಗೆ ಅದು ನಮ್ಮ ಹುಡುಗಿಯ ಹೆಸರೇ ಅಂತ ಗೊತ್ತಾಗುವುದಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲೇ ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹಾರ ಮಾಡಬಹುದು ಅಂತ ಇದೆ. ಕೇಳಲಿಕ್ಕೆ ಸಂಕೋಚ ಬೇಡ. ಕನ್ನಡ ಮಾತ್ರ ಓದುವ ಒಬ್ಬರಿಗೆ ಫಾರ್ಮಿನಲ್ಲಿ ಏನಿದೆ ಅಂತ ಅರ್ಥ ಆಗದಿದ್ದರೆ ಅವರು ನಿಲ್ಲುವ ಯೋಚನೆಯನ್ನೇ ಬಿಡುತ್ತಾರೆ, ಅಥವಾ ಪಾರ್ಟಿಯವರು ಹೇಳಿದಲ್ಲಿ ಸಹಿ ಹಾಕುತ್ತಾರೆ. ಎರಡೂ ಊರಿಗೆ ನಷ್ಟ.

ಪರಿಶೀಲನೆಯ ದಿನ ಎಲ್ಲ ಸ್ಥಾನಾರ್ಥಿಗಳೂ ಹೋಗಲೇಬೇಕು ಅಂತ ನಾನು ಹೇಳುತ್ತೇನೆ. ನಿಮ್ಮ ಕಾಗದವನ್ನು ಎದುರಾಳಿಯವರು ನೋಡಬಹುದು, ಅವರದ್ದನ್ನು ನೀವು ನೋಡಬಹುದು, ಆಕ್ಷೇಪ ಹೇಳಬಹುದು. ಅಕ್ಕನ ಮನೆಹೆಸರಿನಲ್ಲಿ ಪಟ್ಟಿಯಲ್ಲೊಂದು ತರ, ನಾಮಪತ್ರದಲ್ಲಿ ಒಂದು ತರ ಅಂತ ಒಬ್ಬರು ಎದ್ದು ನಿಂತರು. ಕಾನೂನು ಇಲ್ಲಿ ಸ್ಪಷ್ಟ. ಅಕ್ಷರದ ತಪ್ಪು, ಸಣ್ಣಪುಟ್ಟ ಬರವಣಿಗೆಯ ತಪ್ಪು, ಅಂಥದ್ದಕ್ಕೆ ನಾಮಪತ್ರ ತಳ್ಳುವ ಹಾಗಿಲ್ಲ. ತಪ್ಪು ಗಂಭೀರವಾಗಿರಬೇಕು. ಸೂಚಕ ಬೇರೆ ವಾರ್ಡಿನವರು, ವಯಸ್ಸು ಆಗಿಲ್ಲ, ಸಹಿ ಇಲ್ಲ, ಠೇವಣಿ ಕಟ್ಟಿಲ್ಲ, ಮೀಸಲು ವಾರ್ಡಿಗೆ ಜಾತಿ ಸರ್ಟಿಫಿಕೇಟ್ ಇಲ್ಲ, ಇಂಥದ್ದು. ಆಫೀಸರು ಆಕ್ಷೇಪ ಕೇಳಿ, ನಂಬ್ರ ನೋಡಿ, ಪತ್ರಿಕೆ ಸ್ವೀಕಾರ ಮಾಡಿದರು. ಅಕ್ಕ ಅಲ್ಲಿ ಇಲ್ಲದಿದ್ದರೆ ಅದಕ್ಕೆ ಉತ್ತರ ಕೊಡುವವರು ಯಾರು?

ಆಮೇಲಿನ ಎರಡು ದಿನ ಎಲ್ಲಕ್ಕಿಂತ ಭಾರ. ಹಿಂದೆ ತೆಗೆಯಿರಿ ಅಂತ ಮನೆಗೆ ಬರುವವರು ಶುರುವಾಗುತ್ತಾರೆ. ಬೆದರಿಸುವುದಿಲ್ಲ, ತುಂಬ ಪ್ರೀತಿಯಲ್ಲೇ ಮಾತಾಡುತ್ತಾರೆ. "ನಿಮ್ಮಿಂದ ವೋಟು ಒಡೆಯುತ್ತದೆ ಅಕ್ಕಾ, ಮುಂದಿನ ಸಲ ನೋಡುವ" ಅಂತ. ಭಾವನ ಹತ್ತಿರ ಬೇರೆ, ಅಣ್ಣನ ಹತ್ತಿರ ಬೇರೆ ಮಾತು. ಒಮ್ಮೆ ಹಿಂದೆ ತೆಗೆದ ನೋಟೀಸು ಕೊಟ್ಟರೆ ಅದನ್ನು ವಾಪಸು ತರಲಿಕ್ಕಾಗುವುದಿಲ್ಲ, ಹಾಗಾಗಿ ಯಾರದೋ ಒತ್ತಾಯಕ್ಕೆ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ಒಬ್ಬ ಸಣ್ಣ ಸ್ಥಾನಾರ್ಥಿ ಇರುವುದು, ಇಲ್ಲದಿರುವುದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು 89 ವೋಟಿನಲ್ಲಿ. ಅದೇ ಕಣದಲ್ಲಿ ಸುರೇಂದ್ರನ್ ಅವರ ಹೆಸರಿಗೆ ಹತ್ತಿರದ ಹೆಸರಿದ್ದ ಇನ್ನೊಬ್ಬರಿಗೆ 467 ವೋಟು ಬಿದ್ದಿತ್ತು. ವಿಧಾನಸಭೆಯಲ್ಲೇ ಹೀಗಾದರೆ ಒಂದು ವಾರ್ಡಿನಲ್ಲಿ ಹತ್ತಿಪ್ಪತ್ತು ವೋಟು ಎಷ್ಟು ದೊಡ್ಡದು ಯೋಚಿಸಿ. ಅಪರ ಸ್ಥಾನಾರ್ಥಿ ಅಂತ ಅದೇ ಹೆಸರಿನವರನ್ನು ಹುಡುಕಿ ನಿಲ್ಲಿಸುವುದು ಕೆಟ್ಟ ಪದ್ಧತಿ, ಅದನ್ನು ಯಾವ ಪಾರ್ಟಿ ಮಾಡಿದರೂ ಕೆಟ್ಟದ್ದೇ. ಆದರೆ ಅದರ ಹೆಸರು ಹೇಳಿ, ನಿಜವಾಗಿ ನಿಲ್ಲಬೇಕು ಅಂತ ಇರುವ ಪಕ್ಷೇತರರನ್ನು ಡಮ್ಮಿ ಅಂತ ಕರೆಯುವುದು ಅದಕ್ಕಿಂತ ಕೆಟ್ಟದ್ದು.

ಅಕ್ಕ ಹಿಂದೆ ತೆಗೆಯಲಿಲ್ಲ. ಚಿಹ್ನೆ ಸಿಕ್ಕಿತು. ಪಾರ್ಟಿಯವರಿಗೆ ಅವರ ಪಾರ್ಟಿಯ ಪತ್ರ ಇದ್ದರೆ ಚಿಹ್ನೆ ಖಾತ್ರಿ. ಪಕ್ಷೇತರರು ಆಯೋಗದ ಪಟ್ಟಿಯಿಂದ ಆರಿಸಿ ಹೇಳಬೇಕು, ಇಬ್ಬರು ಅದನ್ನೇ ಕೇಳಿದರೆ ಚೀಟಿ. ಏಣಿ, ಕಮಲ, ಕೈ ಎಲ್ಲ ಐವತ್ತು ಸಲ ನೋಡಿದ ಕಣ್ಣಿಗೆ ಹೊಸ ಚಿಹ್ನೆಯನ್ನು ಎರಡೂವರೆ ವಾರದಲ್ಲಿ ಪರಿಚಯ ಮಾಡಿಸಬೇಕು. ಮನೆಮನೆಗೆ ಹೋದೆವು. ಗೆಲ್ಲಲಿಲ್ಲ. ಆದರೆ ನಮ್ಮ ಓಣಿಯ ಚರಂಡಿ ವಿಷಯ ಗೆದ್ದವರ ಬಾಯಲ್ಲೂ ಬಂತು, ಸೋತ ಪಾರ್ಟಿಯವರ ನೋಟೀಸಿನಲ್ಲೂ ಬಂತು. ಅಕ್ಕ ನಿಲ್ಲದಿದ್ದರೆ ಅದು ಬರುತ್ತಿರಲಿಲ್ಲ.

ಸೋತರೂ ಗೆದ್ದರೂ ಖರ್ಚಿನ ಲೆಕ್ಕ ಕೊಡಬೇಕು. ನಗರಸಭೆಗೆ ಮಿತಿ 75,000 ರೂಪಾಯಿ. ಫಲಿತಾಂಶ ಬಂದು 30 ದಿನದ ಒಳಗೆ ಬಿಲ್ಲು ಸಮೇತ ಕೊಡಬೇಕು. ಸೋತವರು ಬೇಜಾರಿನಲ್ಲಿ ಇದನ್ನು ಮರೆತುಬಿಡುತ್ತಾರೆ, ಆಯೋಗ ಅವರನ್ನು ಐದು ವರ್ಷಕ್ಕೆ ಅನರ್ಹ ಮಾಡುತ್ತದೆ, ಮುಂದಿನ ಸಲ ನಿಲ್ಲಲು ಹೊರಟಾಗ ಗೊತ್ತಾಗುತ್ತದೆ. ನಾವು ನೋಟೀಸು ಅಚ್ಚು ಹಾಕಿಸಿದ ಬಿಲ್ಲು, ಆಟೋದ ಬಾಡಿಗೆ, ಎಲ್ಲ ಒಂದು ಪುಸ್ತಕದಲ್ಲಿ ಬರೆದು ಸಮಯಕ್ಕೆ ಸರಿಯಾಗಿ ಕೊಟ್ಟೆವು.

ಮಂಗಳೂರಿನಲ್ಲಿರುವ ನೆಂಟರು ಇದೆಲ್ಲ ಕೇಳಿ ನಿಮ್ಮಲ್ಲಿ ಚುನಾವಣೆಯಾದರೂ ಆಗುತ್ತದಲ್ಲ ಅಂದರು. ಅವರ ಪಾಲಿಕೆಗೆ 2019ರ ನವೆಂಬರಿನಲ್ಲಿ ಚುನಾವಣೆ ಆದದ್ದು, ಕೌನ್ಸಿಲಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದಿತ್ತು, ಆ ವರ್ಷವಿಡೀ ಚುನಾವಣೆ ಬರಲಿಲ್ಲ. ಇಲ್ಲಿ 1995ರಿಂದ ಐದೈದು ವರ್ಷಕ್ಕೆ ಬರುತ್ತಿದೆ, ಕೊರೋನಾ ಕಾಲದಲ್ಲಿ ಸಹ ಸ್ವಲ್ಪ ತಡವಾಗಿ 2020ರ ಡಿಸೆಂಬರಿನಲ್ಲಿ ಆಯಿತು. ಮುಂದಿನದ್ದು 2030ರಲ್ಲಿ. ಸರದಿ ಪ್ರಕಾರ ನಮ್ಮ ವಾರ್ಡು ಆಗ ಹೆಚ್ಚಾಗಿ ಜನರಲ್ ಆಗುತ್ತದೆ. ಜನರಲ್ ವಾರ್ಡಿನಲ್ಲಿ ಹೆಂಗಸರು ನಿಲ್ಲಬಾರದು ಅಂತ ಯಾವ ಕಾನೂನಿನಲ್ಲೂ ಇಲ್ಲ, ಪಾರ್ಟಿಗಳು ಕೊಡುವುದಿಲ್ಲ ಅಷ್ಟೇ. ಅಕ್ಕ ಆಗಲೂ ನಾಮಪತ್ರ ಕೊಡುತ್ತೇನೆ ಅಂದಿದ್ದಾರೆ, ಸೂಚಕಳಾಗಿ ಆ ಸಲ ನಾನು ಸಹಿ ಹಾಕುತ್ತೇನೆ ಅಂತ ಅವರ ಎದುರುಮನೆಯ ಹುಡುಗಿ ಈಗಲೇ ಹೇಳಿ ಇಟ್ಟಿದ್ದಾಳೆ.